53 ಮತ್ತು 49: ಮಗಳಿಗೊಂದು ಪತ್ರ

ಪುಟ್ಟೀ,

ನಿನ್ನೆ ಫೋನಿನಲ್ಲಿ ಮಾತು ಅಷ್ಟು ಬೆಳೆಯಬಾರದಿತ್ತು. ನಿನ್ನ ಆಕ್ಯುಪೇಷನಲ್ ಸೈಕಾಲಜಿ (ಕೆಲಸದ ಜಾಗದ ಮನಶ್ಶಾಸ್ತ್ರ) ಟ್ರೇನಿಂಗಿನ ಪೋರ್ಟ್‌ಫೋಲಿಯೊದ ಒಂದು ಎಂಟ್ರಿ ವಾಪಸ್ ಬಂತು ಅಂತ ನೀನು ಹೇಳಿ ಮುಗಿಸುವ ಮೊದಲೇ "ಎಲ್ಲಿ ತಪ್ಪಿದೆ?" ಅಂತ ಕೇಳಿಬಿಟ್ಟೆ. ಮೊದಲು ಕೇಳಬೇಕಿದ್ದದ್ದು ಅದಲ್ಲ, ಗೊತ್ತು. ನೀನು "ನನಗೆ ಈ ಟ್ರೇನಿಂಗೇ ಬೇಡ" ಅಂದೆ, ನಾನು "ಬೇಡವಾದರೆ ಬಿಡು" ಅಂದೆ. ಇಬ್ಬರ ಮಾತಿನಲ್ಲೂ ನಿಜ ಇರಲಿಲ್ಲ. ಅದಾದ ಮೇಲೆ ನೀನು ಕಳಿಸಿದ ಅಸೆಸರ್ ಟಿಪ್ಪಣಿಯನ್ನು ರಾತ್ರಿ ಮೂರು ಸಲ ಓದಿದೆ. ಅದರ ಜೊತೆ, ಕೆಲಸಕ್ಕೆ ಪರೀಕ್ಷೆ ಬರೆದ ಇಬ್ಬರು ಅಭ್ಯರ್ಥಿಗಳ ಬಗ್ಗೆ ನೀನು ಬರೆದ ರಿಪೋರ್ಟಿನ ಒಂದು ಪುಟದ ಫೋಟೋ ಕೂಡ ಇತ್ತಲ್ಲ. ಹೆಸರುಗಳನ್ನು ಅಳಿಸಿದ್ದೀಯ, ಸರಿ. ಆದರೂ ಕ್ಲೈಂಟಿನ ರಿಪೋರ್ಟನ್ನು ಅಮ್ಮನಿಗೆ ವಾಟ್ಸ್ಯಾಪ್ ಮಾಡುವ ಹಾಗಿಲ್ಲ ಕಣೇ. ಅಮ್ಮ ಇದೇ ಕೆಲಸದಲ್ಲಿ ತಲೆ ನರೆಸಿಕೊಂಡವಳಾದರೂ ಇಲ್ಲ. ನನ್ನ ಕಡೆ ಅಳಿಸಿದ್ದೇನೆ, ನೀನೂ ಅಳಿಸು.

ನೋಡು, ಸಮಾಧಾನ ಹೇಳೋಣ ಅಂತ ಕೂತರೆ ಪಾಠ ಶುರುವಾಯಿತು.

ಎಂಎಸ್ಸಿ ವರ್ಷದ ಸುದ್ದಿ ಎತ್ತುವುದಿಲ್ಲ, ಅದು ಇಬ್ಬರಿಗೂ ಗೊತ್ತಿದೆ. ಬಿಪಿಎಸ್‌ನ (ಬ್ರಿಟಿಷ್ ಸೈಕಲಾಜಿಕಲ್ ಸೊಸೈಟಿಯ) ಸ್ಟೇಜ್ 2 ಅಂದರೆ ಸೂಪರ್‌ವೈಸರ್ ಕಣ್ಣೆದುರು ಕನಿಷ್ಠ 2 ವರ್ಷದ ಕೆಲಸ. ಅದರಲ್ಲಿ ಒಂದು ಎಂಟ್ರಿ ವಾಪಸ್ ಬಂದರೆ ಆಕಾಶ ಕಳಚಿ ಬೀಳುವುದಿಲ್ಲ, ತಿದ್ದಿ ಕೊಡುವ ಅವಕಾಶ ಇದ್ದೇ ಇದೆ. ನನ್ನನ್ನು ಹೆದರಿಸಿದ್ದು ವಾಪಸ್ ಬಂದದ್ದಲ್ಲ. ಆ ಪುಟದ ಒಂದು ವಾಕ್ಯ.

"ಸಂಖ್ಯಾ ತರ್ಕದ ಪರೀಕ್ಷೆಯಲ್ಲಿ ಮೊದಲನೆಯವರು 62ನೇ ಪರ್ಸೆಂಟೈಲ್, ಎರಡನೆಯವರು 46ನೇ ಪರ್ಸೆಂಟೈಲ್, ಆದ್ದರಿಂದ ಮೊದಲನೆಯವರು ಸ್ಪಷ್ಟವಾಗಿ ಹೆಚ್ಚು ಸಮರ್ಥರು."

ಪರ್ಸೆಂಟೈಲ್ ಅಂದರೆ ನೂರು ಜನರಲ್ಲಿ ಎಷ್ಟು ಜನರಿಗಿಂತ ಮುಂದೆ ಅನ್ನುವ ಸ್ಥಾನ, ಅಷ್ಟೇ. ಟಿ ಸ್ಕೋರ್ ಅನ್ನುವ ಅಳತೆಗೆ ತಂದರೆ ಇದೇ 53 ಮತ್ತು 49. ಟಿ ಸ್ಕೋರಿಗೆ ಸರಾಸರಿ 50, ಸ್ಟ್ಯಾಂಡರ್ಡ್ ಡೀವಿಯೇಷನ್ (ಸರಾಸರಿಯ ಸುತ್ತ ಅಂಕಗಳ ಹರಡಿಕೆ) 10. ಪರೀಕ್ಷೆಯ ರಿಲಯಬಿಲಿಟಿ (ಅಳತೆ ಎಷ್ಟು ಸ್ಥಿರ ಅನ್ನುವುದು, 1 ಅಂದರೆ ದೋಷವೇ ಇಲ್ಲ) 0.84 ಅಂತ ಮೇಲಿನ ಪ್ಯಾರಾದಲ್ಲಿ ನೀನೇ ಬರೆದಿದ್ದೀಯ. ಬರೆದವಳು ಅದನ್ನು ಬಳಸಲಿಲ್ಲ ಯಾಕೆ? 1ರಲ್ಲಿ 0.84 ಕಳೆದರೆ 0.16. ಅದರ ವರ್ಗಮೂಲ 0.4. ಹತ್ತರಿಂದ ಗುಣಿಸಿದರೆ 4. ಒಂದೊಂದು ಸ್ಕೋರಿನ ಅಳತೆಯಲ್ಲೂ ಇರುವ ದೋಷ ಅಷ್ಟು. ಅಂದರೆ 53 ಅನ್ನುವುದು ಸುಮಾರು 49ರಿಂದ 57ರ ವ್ಯಾಪ್ತಿ, 49 ಅನ್ನುವುದು 45ರಿಂದ 53ರ ವ್ಯಾಪ್ತಿ. ಅದೂ 68 ಪರ್ಸೆಂಟ್ ಭರವಸೆಯ ಮಟ್ಟಕ್ಕೆ. ಇಬ್ಬರ ನಡುವಿನ ಅಂತರವನ್ನು ನೋಡುವಾಗ ಎರಡೂ ಕಡೆಯ ದೋಷ ಸೇರುತ್ತದೆ, 4ನ್ನು 2ರ ವರ್ಗಮೂಲದಿಂದ ಗುಣಿಸಬೇಕು, 5.7 ಹತ್ತಿರ ಬರುತ್ತದೆ. 95 ಪರ್ಸೆಂಟ್ ಭರವಸೆ ಬೇಕೆಂದರೆ ಅಂತರ 11 ಆದರೂ ಇರಬೇಕು. ನಿನ್ನ ಹತ್ತಿರ ಇದ್ದದ್ದು 4. 5.7ರ ಸಡಿಲ ಗೆರೆಯನ್ನೂ ಅದು ದಾಟುವುದಿಲ್ಲ.

ಪರ್ಸೆಂಟೈಲ್ ಇನ್ನೂ ಕೆಟ್ಟದು. ಮಧ್ಯದಲ್ಲಿ ಜನ ಕಿಕ್ಕಿರಿದಿರುತ್ತಾರೆ, ಹಾಗಾಗಿ ಅಲ್ಲಿ 4 ಅಂಕದ ಅಂತರ 16 ಸ್ಥಾನವಾಗಿ ಹಿಗ್ಗಿಬಿಡುತ್ತದೆ. ಅದೇ 4 ಅಂಕವನ್ನು 70 ಮತ್ತು 74ರ ನಡುವೆ ಇಟ್ಟು ನೋಡು, 98 ಮತ್ತು 99. ಮ್ಯಾನೇಜರ್ ಕಣ್ಣಿಗೆ 62 ಅಂದರೆ ಪಾಸು, 46 ಅಂದರೆ ಅರ್ಧಕ್ಕಿಂತ ಕಡಿಮೆ, ಅಂದರೆ ಫೇಲು. ಪರ್ಸೆಂಟೈಲಿಗೂ ಪರ್ಸೆಂಟಿಗೂ ಇರುವ ವ್ಯತ್ಯಾಸ ಹೇಳಿಕೊಡದೆ ಆ ಕಾಲಂ ಕೊಟ್ಟದ್ದು ನೀನು. ಹೋಲಿಸಿದ್ದು ಯಾವ ಗುಂಪಿನ ಜೊತೆ ಅನ್ನುವುದೂ ಪುಟದಲ್ಲಿಲ್ಲ. ಅದೇ ಉತ್ತರಪತ್ರಿಕೆಯನ್ನು ಪದವೀಧರರ ನಾರ್ಮ್ (ಹೋಲಿಕೆಯ) ಗುಂಪಿನ ಜೊತೆ ಇಟ್ಟರೆ ಒಂದು ಸ್ಕೋರು, ಸಾಮಾನ್ಯ ಜನರ ಗುಂಪಿನ ಜೊತೆ ಇಟ್ಟರೆ ಇನ್ನೊಂದು.

ಲೆಕ್ಕ ನಿನಗೆ ಗೊತ್ತಿಲ್ಲದ್ದಲ್ಲ, ನನಗಿಂತ ಬೇಗ ಮಾಡುತ್ತೀಯ. ಭಯ ಅದಲ್ಲ. "ಸ್ಪಷ್ಟವಾಗಿ" ಅನ್ನುವ ಆ ಒಂದು ಪದ. ಅದು ನನ್ನ ಪದ ಕಣೇ. ಅರೆಬರೆ ಗೊತ್ತಿದ್ದರೂ ಗಟ್ಟಿಯಾಗಿ ಹೇಳು, ಆಗ ಜನ ಕೇಳುತ್ತಾರೆ ಅಂತ ಚಿಕ್ಕಂದಿನಿಂದ ತಲೆಗೆ ತುಂಬಿದವಳು ನಾನೇ. ಭಾಷಣ ಸ್ಪರ್ಧೆಗೆ ಅದು ನಡೆಯಿತು. ಈ ಕೆಲಸದಲ್ಲಿ ಆ 49ರ ವ್ಯಕ್ತಿಗೆ ಕೆಲಸ ತಪ್ಪುತ್ತದೆ.

ತಪ್ಪಿತೋ ಇಲ್ಲವೋ? ನೀನು ಹೇಳಲಿಲ್ಲ, ನಾನೂ ಜಗಳದಲ್ಲಿ ಕೇಳಲಿಲ್ಲ. ಹೆಸರು ನನಗೆ ಬೇಡ, ಹೇಳಲೂಬೇಡ.

ಉಳಿದ ಟಿಪ್ಪಣಿಗಳಿಗೆ ಬರುತ್ತೇನೆ. ಕನ್ಸಲ್ಟೆನ್ಸಿ ಸೈಕಲ್, ಅಂದರೆ ಕ್ಲೈಂಟಿನ ಕೆಲಸ ಶುರುವಿನಿಂದ ಕೊನೆಯವರೆಗೆ ಸಾಗುವ ದಾರಿ, ಏಳು ಹಂತ: ಕ್ಲೈಂಟ್ ಜೊತೆ ಒಪ್ಪಂದ, ಅಗತ್ಯ ಗುರುತಿಸುವುದು, ಅದನ್ನು ವಿಶ್ಲೇಷಿಸುವುದು, ಪರಿಹಾರ ರೂಪಿಸುವುದು, ಜಾರಿ, ಫಲಿತಾಂಶದ ಮೌಲ್ಯಮಾಪನ, ಕೊನೆಗೆ ವರದಿ ಮತ್ತು ಆತ್ಮಾವಲೋಕನ. ಟ್ರೈನಿಗಳು ಸಾಮಾನ್ಯವಾಗಿ ಮುಗ್ಗರಿಸುವುದು ಮೊದಲನೆಯದರಲ್ಲಿ ಮತ್ತು ಆರನೆಯದರಲ್ಲಿ, ನೀನು ಎರಡರಲ್ಲೂ. ನಿನ್ನ ಒಪ್ಪಂದದ ಇಮೇಲಿನಲ್ಲಿ ಪರೀಕ್ಷೆಯ ದಿನಾಂಕ ಇದೆ, ಶುಲ್ಕ ಇದೆ. ಸ್ಕೋರನ್ನು ಯಾರು ಯಾರು ನೋಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಅಭ್ಯರ್ಥಿಗೆ ಯಾರು ಯಾವಾಗ ಫೀಡ್‌ಬ್ಯಾಕ್ ಕೊಡುತ್ತಾರೆ, ಈ ಮೂರೂ ಇಲ್ಲ. ಹಣ ಕೊಡುವವರು ಒಬ್ಬರು, ಪರೀಕ್ಷೆ ಬರೆಯುವವರು ಇನ್ನೊಬ್ಬರು. ಇಬ್ಬರಿಗೂ ನಿನ್ನ ಮೇಲೆ ಹಕ್ಕಿದೆ. ಬರಹದಲ್ಲಿ ಇರದಿದ್ದರೆ ಏನಾಗುತ್ತದೆ ಗೊತ್ತಾ, ಕಾರಿಡಾರಿನಲ್ಲಿ ಮ್ಯಾನೇಜರ್ ಎದುರಾಗಿ "ಹೆಂಗೆ ಮಾಡಿದ್ರು?" ಅಂತ ನಗುತ್ತಾ ಕೇಳುತ್ತಾರೆ, ನಿನ್ನ ಬಾಯಿಂದ "ಪರವಾಗಿಲ್ಲ, ಅಷ್ಟೇನಿಲ್ಲ" ಅಂತ ಏನೋ ಒಂದು ಜಾರುತ್ತದೆ. ಆ "ಅಷ್ಟೇನಿಲ್ಲ" ಯಾವ ರಿಪೋರ್ಟಿಗಿಂತಲೂ ಬೇಗ ಓಡುತ್ತದೆ.

ಬ್ರಿಟನ್ನಿನ ದತ್ತಾಂಶ ಕಾನೂನಿನಲ್ಲಿ ಅಭ್ಯರ್ಥಿ ತನ್ನ ಬಗ್ಗೆ ಇರುವ ಮಾಹಿತಿಯನ್ನು ಕೇಳಿ ಪಡೆಯಬಹುದು, ಸಾಮಾನ್ಯವಾಗಿ ಒಂದು ತಿಂಗಳೊಳಗೆ ಕೊಡಬೇಕು. ನೋಟ್‌ಬುಕ್ಕಿನ ಅಂಚಿನಲ್ಲಿ ಗೀಚುವಾಗ ಅವರು ಪಕ್ಕದಲ್ಲಿ ಕೂತು ಓದುತ್ತಿದ್ದಾರೆ ಅಂದುಕೊಂಡೇ ಗೀಚು. 2010ರ ಸಮಾನತೆ ಕಾಯ್ದೆಯ ವಿಷಯದಲ್ಲಿ ಅಸೆಸರ್ ಕೇಳಿದ ಪ್ರಶ್ನೆಯೂ ನ್ಯಾಯವೇ. ಡಿಸ್ಲೆಕ್ಸಿಯಾ ಇರುವವರಿಗೆ ಹೆಚ್ಚು ಸಮಯ ಬೇಕೇ ಅನ್ನುವುದನ್ನು ಪರೀಕ್ಷೆಯ ದಿನ ಬಾಗಿಲಲ್ಲಿ ಕೇಳುವುದಲ್ಲ, ಆಹ್ವಾನದ ಪತ್ರದಲ್ಲೇ ಕೇಳಬೇಕು. ಗಡಿಯಾರದ ವಿರುದ್ಧ ಓಡುವ ಪರೀಕ್ಷೆಗೆ ಸಮಯ ಹೆಚ್ಚಿಸಿದರೆ ಹಳೆಯ ನಾರ್ಮ್ ಹಾಗೇ ಹೊಂದುವುದಿಲ್ಲ. ಪ್ರಕಾಶಕರನ್ನು ಮೊದಲೇ ಕೇಳಿಕೊಂಡು ಏನು ಮಾಡಿದೆ, ಯಾಕೆ ಅಂತ ಬರೆದಿಡು.

ಮೌಲ್ಯಮಾಪನ ಅಂತ ನೀನು ತೋರಿಸಿದ್ದು, ನೀನು ನಡೆಸಿದ ತರಬೇತಿ ಮುಗಿದ ಮೇಲೆ ಬಂದವರಿಂದ ತುಂಬಿಸಿದ ಫಾರಂ, "ಸೆಷನ್ ಇಷ್ಟವಾಯಿತೇ?". ತರಬೇತಿಯ ಫಲ ಅಳೆಯಲು ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ನಾಲ್ಕು ಮಟ್ಟ ಹೇಳಿದ್ದರು: ಪ್ರತಿಕ್ರಿಯೆ, ಕಲಿಕೆ, ನಡವಳಿಕೆ, ಫಲಿತಾಂಶ. ನೀನು ಮೊದಲ ಮೆಟ್ಟಿಲಲ್ಲೇ ಕೂತೆ. ಇದಕ್ಕೂ ಮದ್ದು ಒಪ್ಪಂದದ ದಿನವೇ: ಏನು ಬದಲಾದರೆ ಗೆದ್ದ ಹಾಗೆ ಅಂತ ಆಗಲೇ ಕೇಳಿ, ತರಬೇತಿಗೆ ಮೊದಲು ಒಂದು ಅಳತೆ ತೆಗೆದಿಡಬೇಕು. ಮೊದಲು ಮತ್ತು ಆಮೇಲೆ ಎರಡು ಅಳತೆ ಇದ್ದರೂ ಎಚ್ಚರ. ತೀರಾ ಹಿಂದಿರುವವರನ್ನೇ ಆರಿಸಿ ತರಬೇತಿ ಕೊಟ್ಟರೆ, ಏನೂ ಕಲಿಸದಿದ್ದರೂ ಎರಡನೇ ಸಲ ಅವರ ಸ್ಕೋರು ಸರಾಸರಿಯ ಕಡೆಗೆ ಏರುವುದು ಸಹಜ. ಹೋಲಿಸಲು ತರಬೇತಿ ಪಡೆಯದ ಗುಂಪು ಇರದಿದ್ದರೆ ಆ ಏರಿಕೆಯನ್ನು ನಿನ್ನ ಖಾತೆಗೆ ಬರೆದುಕೊಳ್ಳಬೇಡ.

ಒತ್ತಡದ ಸಮೀಕ್ಷೆಯ ಎಂಟ್ರಿ ಚೆನ್ನಾಗಿದೆ, ನಿಜಕ್ಕೂ. ಎಚ್‌ಎಸ್‌ಇ (ಬ್ರಿಟನ್ನಿನ ಕೆಲಸದ ಸುರಕ್ಷತೆಯ ಸಂಸ್ಥೆ) ಹೇಳುವ ಒತ್ತಡದ ಆರು ಅಂಶಗಳಲ್ಲಿ ಕೆಲಸದ ಹೊರೆಯೇ ಕೆಂಪಾಗಿರುವಾಗ ಧ್ಯಾನದ ಕಾರ್ಯಾಗಾರ ಬೇಕು ಅಂದ ಎಚ್‌ಆರ್‌ಗೆ "ಮೊದಲು ಪಾಳಿ ಸರಿಮಾಡಿ" ಅಂತ ಹೇಳಿದ್ದೀಯ. ಅದನ್ನು ಓದುವಾಗ ಒಬ್ಬಳೇ ಕೂತು ನಕ್ಕೆ. ಹೆಮ್ಮೆ ಅನ್ನಿಸಿತು ಅಂತ ಬರೆದರೆ ಸಾಕಲ್ಲ, ಅನ್ನಿಸಿತು.

ಆದರೆ ಅಲ್ಲೂ "ನಾವು" ಅಂತ ಬರೆದಿದ್ದೀಯ. ನಾವು ಸಮೀಕ್ಷೆ ಮಾಡಿದೆವು, ನಾವು ವಿಶ್ಲೇಷಿಸಿದೆವು. ಅಸೆಸರ್ ಅಳೆಯಬೇಕಾದದ್ದು ನಿನ್ನನ್ನು, ತಂಡವನ್ನಲ್ಲ. ಮಾತು ಮಾತಿಗೂ ನಾನು ನಾನು ಅನ್ನಬೇಡ ಅಂತ ಕಲಿಸಿದವಳೂ ನಾನೇ, ಏನು ಮಾಡಲಿ. ಪೋರ್ಟ್‌ಫೋಲಿಯೊದ ಮಟ್ಟಿಗೆ ಆ ಪಾಠ ಮರೆತುಬಿಡು. ಯಾವುದನ್ನು ನೀನು ಮಾಡಿದೆ, ಯಾವುದನ್ನು ಸೂಪರ್‌ವೈಸರ್ ತೀರ್ಮಾನಿಸಿದರು, ಇನ್ನೊಂದು ದಾರಿ ಯಾವುದಿತ್ತು, ಅದನ್ನು ಯಾಕೆ ಬಿಟ್ಟೆ. ಬಿಟ್ಟ ದಾರಿಯ ಬಗ್ಗೆ ಎರಡು ಸಾಲು ಇರದ ಲಾಗ್ ಬರೀ ಡೈರಿ. ಅದನ್ನು ಅವತ್ತೇ ಬರೆ. ವಾರ ಕಳೆದರೆ ನೆನಪು ತಾನೇ ಜಾಣತನ ತುಂಬಿಕೊಂಡುಬಿಡುತ್ತದೆ, ಮೊದಲಿನಿಂದಲೂ ಹಾಗೇ ಯೋಚಿಸಿದ್ದೆ ಅನ್ನಿಸುತ್ತದೆ.

ಇನ್ನೊಂದು, ನಿನ್ನ ಇಮೇಲ್ ಸಹಿಯಲ್ಲಿ "ಟ್ರೈನಿ" ಅನ್ನುವ ಪದ ಎಲ್ಲಿ ಹೋಯಿತು? "ಆಕ್ಯುಪೇಷನಲ್ ಸೈಕಾಲಜಿಸ್ಟ್" ಅನ್ನುವುದು ಬ್ರಿಟನ್ನಿನಲ್ಲಿ ಕಾನೂನಿನ ರಕ್ಷಣೆ ಇರುವ ಹೆಸರು. 2009ರಿಂದ ಎಚ್‌ಸಿಪಿಸಿ (ಆರೋಗ್ಯ ಮತ್ತು ಆರೈಕೆ ವೃತ್ತಿಗಳ ನಿಯಂತ್ರಣ ಮಂಡಳಿ, ಆಗ ಎಚ್‌ಪಿಸಿ) ರಿಜಿಸ್ಟರಿನಲ್ಲಿ ಇರುವವರಷ್ಟೇ ಹಾಗೆ ಕರೆದುಕೊಳ್ಳಬಹುದು. ಸಹಿ ಉದ್ದವಾಗುತ್ತದೆ ಅಂತ ತೆಗೆದಿರುತ್ತೀಯ, ನಂಬುತ್ತೇನೆ. ಇವತ್ತೇ ವಾಪಸ್ ಹಾಕು. ಪರೀಕ್ಷೆ ಎಷ್ಟು ನಿಖರ ಅಂತ ಕ್ಲೈಂಟ್ ಕೇಳಿದಾಗ ಸ್ಲೈಡಿನಲ್ಲಿ 0.51 (ಸ್ಕೋರಿಗೂ ಕೆಲಸದ ಸಾಧನೆಗೂ ಇರುವ ನಂಟಿನ ಅಳತೆ, 1 ಅಂದರೆ ಪೂರ್ತಿ ನಂಟು) ಅಂತ ತೋರಿಸಿದ್ದೂ ಹಳೆಯ ಲೆಕ್ಕ. ಅದು ಸಂಶೋಧಕರಾದ ಶ್ಮಿಟ್ ಮತ್ತು ಹಂಟರ್ 1998ರಲ್ಲಿ ಬುದ್ಧಿಶಕ್ತಿ ಪರೀಕ್ಷೆಗೆ ಕೊಟ್ಟ ಅಂಕಿ. 2022ರಲ್ಲಿ ಸ್ಯಾಕೆಟ್ ಮತ್ತು ಜೊತೆಗಾರರು ಆ ಹಳೆಯ ಲೆಕ್ಕದಲ್ಲಿ ಅಂಕಿಯನ್ನು ಹಿಗ್ಗಿಸಿದ್ದ ತಿದ್ದುಪಡಿಗಳು ಅತಿಯಾಗಿದ್ದವು ಅಂತ ತೋರಿಸಿ, ಬುದ್ಧಿಶಕ್ತಿ ಪರೀಕ್ಷೆಗೆ 0.31, ಪ್ರಶ್ನೆಗಳನ್ನು ಮೊದಲೇ ಗೊತ್ತುಪಡಿಸಿದ ಸಂದರ್ಶನಕ್ಕೆ 0.42 ಅಂತ ಇಳಿಸಿದರು. 0.42ರ ವರ್ಗ 0.18ರ ಹತ್ತಿರ. ಅತ್ಯುತ್ತಮ ಸಂದರ್ಶನ ಕೂಡ ಕೆಲಸದ ಸಾಧನೆಯಲ್ಲಿ ಜನರ ನಡುವೆ ಇರುವ ವ್ಯತ್ಯಾಸದ ಐದನೇ ಒಂದು ಪಾಲನ್ನೂ ಪೂರ್ತಿ ಹೇಳುವುದಿಲ್ಲ. ಹೀಗಿರುವಾಗ "ಸ್ಪಷ್ಟವಾಗಿ".

ಮತ್ತೆ ಅಲ್ಲಿಗೇ ಬಂದೆ. ಬೈಯಬೇಡ, ನಿನ್ನೆಯಿಂದ ಆ 49 ತಲೆಯಿಂದ ಇಳಿಯುತ್ತಿಲ್ಲ.

ಫೀಡ್‌ಬ್ಯಾಕ್ ಕೊಟ್ಟೆ ಅಂತ ಲಾಗಿನಲ್ಲಿದೆ, "ದೂರವಾಣಿ, 5 ನಿಮಿಷ". ಐದು ನಿಮಿಷದಲ್ಲಿ ಏನು ಹೇಳಲಾಗುತ್ತದೆ? ಪರೀಕ್ಷೆ ಹೇಗನ್ನಿಸಿತು ಅಂತ ಕೇಳಿ, ಉತ್ತರ ಬರುವವರೆಗೆ ಸುಮ್ಮನಿರುವುದಕ್ಕೇ ಅಷ್ಟು ಬೇಕು. ಅವತ್ತು ಜ್ವರ ಇತ್ತೋ, ಇಂಟರ್ನೆಟ್ ಮಧ್ಯೆ ಕೈಕೊಟ್ಟಿತೋ, ಆಮೇಲೆ ಯಾರ ಜೊತೆ ಹೋಲಿಸಿದ್ದು, ಅದಾದ ಮೇಲೆ ಸ್ಕೋರು. ಅದೂ ಒಂದು ವ್ಯಾಪ್ತಿಯಾಗಿ, ಒಂಟಿ ಸಂಖ್ಯೆಯಾಗಿ ಅಲ್ಲ. ವ್ಯಕ್ತಿತ್ವದ ಪ್ರಶ್ನಾವಳಿ ಇದ್ದರೆ ಮುಕ್ಕಾಲು ಗಂಟೆಯಾದರೂ ಬೇಕು. ಅಲ್ಲಿ ಸ್ಟೆನ್ (1ರಿಂದ 10ರವರೆಗಿನ ಅಳತೆ) 2 ಬಂದಿದೆ ಅಂತ "ನೀವು ಸಂಕೋಚದವರು" ಅನ್ನುವುದಲ್ಲ, "ನಿಮ್ಮ ಉತ್ತರಗಳಲ್ಲಿ ಹೊಸಬರ ಮುಂದೆ ಮಾತಾಡುವುದು ಕಷ್ಟ ಅಂತ ಕಾಣುತ್ತದೆ, ಕೆಲಸದಲ್ಲಿ ಹಾಗನ್ನಿಸಿದ್ದುಂಟಾ?" ಅನ್ನುವುದು. ಆಗ ಅವರು "ವಾರಕ್ಕೆ ಮೂರು ಪ್ರೆಸೆಂಟೇಷನ್ ಕೊಡುತ್ತೇನೆ, ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ ಅಷ್ಟೇ" ಅಂದುಬಿಡಬಹುದು. ಸ್ಕೋರೂ ಸರಿ, ಕೆಲಸವೂ ನಡೆಯುತ್ತಿದೆ. ಮಾತು ಅಳುವಿನ ಕಡೆ, ಮನೆಯ ಕಷ್ಟದ ಕಡೆ ತಿರುಗಿದರೆ ಕೇಳು, ಚಿಕಿತ್ಸೆಗೆ ಕೈ ಹಾಕಬೇಡ. ನೀನು ಕ್ಲಿನಿಕಲ್ ಅಲ್ಲ. ಅವರ ಜಿಪಿಯನ್ನು (ಮಾಮೂಲಿ ಡಾಕ್ಟರನ್ನು) ನೋಡಲು ಹೇಳಿ, ಅವತ್ತೇ ಸೂಪರ್‌ವೈಸರ್‌ಗೆ ತಿಳಿಸು.

ಈಗ ಮಾಡಬೇಕಾದದ್ದು. ಎಂಟ್ರಿ ತಿದ್ದುವುದು ಆಮೇಲಿರಲಿ. ಸೋಮವಾರ ಮೊದಲು ಸೂಪರ್‌ವೈಸರ್ ಹತ್ತಿರ ಹೋಗಿ, ಕ್ಲೈಂಟಿಗೆ ಹೋದ ರಿಪೋರ್ಟಿನಲ್ಲೂ ಈ ವಾಕ್ಯ ಇದೆಯಾ ಅಂತ ಇಬ್ಬರೂ ನೋಡಿ. ಇದ್ದರೆ ಪರ್ಸೆಂಟೈಲ್ ಕಾಲಂ ತೆಗೆದು, ಇಬ್ಬರ ಸ್ಕೋರನ್ನೂ ವ್ಯಾಪ್ತಿಯಾಗಿ ಕೊಟ್ಟು, "ಈ ಪರೀಕ್ಷೆಯ ಆಧಾರದ ಮೇಲೆ ಇಬ್ಬರಲ್ಲಿ ವ್ಯತ್ಯಾಸ ಹೇಳಲಾಗದು" ಅಂತ ಬರೆದು, ತಿದ್ದಿದ ಪ್ರತಿ ಅಂತ ಮೇಲೆ ಎದ್ದು ಕಾಣುವ ಹಾಗೆ ಹಾಕಿ ಕಳಿಸಿ. ಹಳೆಯದನ್ನು ಬಳಸಿ ತೀರ್ಮಾನ ಆಗಿಹೋಗಿದೆಯಾ ಅಂತ ಬರಹದಲ್ಲೇ ಕೇಳಿ. ಮುಜುಗರ ಆಗುತ್ತದೆ, ಆಗಲಿ. ಅಸೆಸರ್ ಇದನ್ನು ನಿನ್ನ ವಿರುದ್ಧ ಹಿಡಿಯುತ್ತಾರೆ ಅಂತ ಹೆದರಬೇಡ. ತಪ್ಪನ್ನು ತಾನೇ ಹಿಡಿದು ತಿದ್ದಿದ್ದನ್ನು ಲಾಗಿನಲ್ಲಿ ತೋರಿಸುವ ಟ್ರೈನಿಯನ್ನು ಅವರು ಬೇರೆಯೇ ಕಣ್ಣಿನಿಂದ ಓದುತ್ತಾರೆ.

ಬೇಡವಾದರೆ ಬಿಡು ಅಂದದ್ದನ್ನು ವಾಪಸ್ ತಗೊಂಡಿದ್ದೇನೆ. ಶನಿವಾರ ಫೋನ್ ಮಾಡು. ಊಟ ಆಯಿತಾ ಅಂತಲೇ ಶುರುಮಾಡುತ್ತೇನೆ, ಮಾತು ಕೊಡುತ್ತೇನೆ. ಆದರೆ ಆ ಐದು ನಿಮಿಷದಲ್ಲಿ ಅವರಿಗೆ ಏನು ಹೇಳಿದೆ ಅಂತ ಮಾತ್ರ ಕೇಳದೆ ಇರಲಾರೆ. ಪದ ಪದ ನೆನಪಿದ್ದಷ್ಟೂ ಬರೆದಿಟ್ಟುಕೊಂಡಿರು.

ಅಮ್ಮ