ಸೊನಾಟ ಕಲಿಕೆಯಲ್ಲಿ ಅವಸರ ಬೇಡ

ಮಾನ್ಯ ಸಂಪಾದಕರೇ,

ಬಳ್ಳಾರಿಯಲ್ಲಿ ಕೀಬೋರ್ಡ್ ಕಲಿಯಲು ಹೋಗುವ ಮಕ್ಕಳಲ್ಲಿ ಕೆಲವರು ಪಿಯಾನೊ ಪರೀಕ್ಷೆಯ ಮೇಲಿನ ಹಂತಗಳಿಗೂ ಕಟ್ಟುತ್ತಿರುವುದು ಸಂತೋಷದ ಸಂಗತಿ. ಆದರೆ ಪರೀಕ್ಷೆ ಹತ್ತಿರ ಬಂದಿತೆಂದು ಜರ್ಮನ್ ಸಂಯೋಜಕ ಬೀಥೋವನ್ ಅವರ ಸೊನಾಟದಂಥ (ಹಲವು ಭಾಗಗಳುಳ್ಳ ವಾದ್ಯಕೃತಿ) ಕಠಿಣ ಕೃತಿಯನ್ನು ಮೊದಲ ಸಾಲಿನಿಂದ ಕೊನೆಯವರೆಗೆ ದಿನವೂ ಪೂರ್ತಿ ವೇಗದಲ್ಲಿ ನುಡಿಸಿಸುವ ಪದ್ಧತಿಯನ್ನು ಶಿಕ್ಷಕರೂ ಪಾಲಕರೂ ಮತ್ತೆ ಯೋಚಿಸಿ ನೋಡಬೇಕು.

1799ರಲ್ಲಿ ಪ್ರಕಟವಾದ, ಮೂರು ಭಾಗಗಳ ಅವರ ‘ಪಥೆಟಿಕ್’ ಸೊನಾಟವನ್ನೇ ತೆಗೆದುಕೊಳ್ಳೋಣ. ಮೊದಲ ಭಾಗದಲ್ಲಿ ಗಂಭೀರವಾದ ನಿಧಾನಗತಿಯ ಪೀಠಿಕೆ ಮುಗಿದೊಡನೆ ವೇಗದ ಸಾಲುಗಳು ಶುರುವಾಗುತ್ತವೆ. ಅಲ್ಲಿ ಎಡಗೈಯ ಕಿರುಬೆರಳೂ ಹೆಬ್ಬೆರಳೂ ಒಂದು ಸಪ್ತಕದ ಅಂತರದಲ್ಲಿರುವ ಒಂದೇ ಸ್ವರವನ್ನು ಬಿಡುವಿಲ್ಲದೆ ಅದಲುಬದಲಾಗಿ ನುಡಿಸುತ್ತಿರಬೇಕು. ಬರೀ ಬೆರಳಿನ ಬಲದಿಂದ ಇದನ್ನು ಸಾಧಿಸಲು ಹೊರಟ ಮಗುವಿನ ಮುಂಗೈ ಬೇಗನೆ ಬಿಗಿದುಕೊಂಡು ನೋಯತೊಡಗುತ್ತದೆ. ನುರಿತ ಶಿಕ್ಷಕರು ಇಲ್ಲಿ ವೇಗದ ಮಾತನ್ನೇ ಎತ್ತುವುದಿಲ್ಲ. ಬೀಗದಲ್ಲಿ ಕೀಲಿ ತಿರುಗಿಸುವಂತೆ ಮುಂಗೈಯನ್ನು ಹೊರಳಿಸುವುದನ್ನು ಮೊದಲು ಕಲಿಸಿ, ಹೆಬ್ಬೆರಳನ್ನು ಹಗುರವಾಗಿಡಲು ಹೇಳಿ, ಒಂದೆರಡು ಬಾರ್‌ಗಳನ್ನಷ್ಟೇ (ತಾಳದ ಚಿಕ್ಕ ಖಂಡಗಳು) ನಿಧಾನವಾಗಿ ನುಡಿಸಿಸುತ್ತಾರೆ. ನೋವು ಕಾಣಿಸಿದರೆ ಅಲ್ಲಿಗೇ ನಿಲ್ಲಿಸುತ್ತಾರೆ. ಈ ಕಷ್ಟದ ಸಾಲುಗಳು ಯಾವ ವೇಗದಲ್ಲಿ ಸ್ಪಷ್ಟವಾಗಿ ಕೇಳುತ್ತವೆಯೋ ಅದನ್ನೇ ಉಳಿದ ವೇಗದ ಸಾಲುಗಳಿಗೂ ಅಳತೆಯಾಗಿಟ್ಟುಕೊಳ್ಳುತ್ತಾರೆ. ಮೊದಲಿನ ಪೀಠಿಕೆ ನಡುವೆ ಒಮ್ಮೆ, ಮುಗಿಯುವ ಮುನ್ನ ಇನ್ನೊಮ್ಮೆ ಮರಳಿ ಬರುವುದನ್ನು ಮಗುವಿನಿಂದಲೇ ಸ್ವರಲಿಪಿಯ ಹಾಳೆಯಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಸುವವರೂ ಇದ್ದಾರೆ. ಕೃತಿಯ ಕಟ್ಟಡ ತಿಳಿದ ಮಗು ಬೇಗ ಕಂಗಾಲಾಗುವುದಿಲ್ಲ.

ಎರಡನೆಯ ಭಾಗ ನಿಧಾನವಾಗಿರುವುದರಿಂದ ಸುಲಭವೆಂದು ತೋರುತ್ತದೆ. ಆದರೆ ಆರಂಭದಲ್ಲಿ ಬಲಗೈಯ ಹೊರಬೆರಳುಗಳು ಹಾಡನ್ನು ಎತ್ತಿ ಹಿಡಿಯಬೇಕು, ಅದೇ ಕೈಯ ಒಳಬೆರಳುಗಳು ಜೊತೆಯ ಸ್ವರಗಳನ್ನು ಮೆಲ್ಲಗೆ ನುಡಿಸಬೇಕು. ಆದ್ದರಿಂದ ಒಳ್ಳೆಯ ಶಿಕ್ಷಕರು ಆ ಹಾಡನ್ನು ಮೊದಲು ಮಗುವಿನ ಬಾಯಲ್ಲೇ ಹಾಡಿಸುತ್ತಾರೆ, ಉಸಿರು ಎಲ್ಲಿ ಬೇಕೆನಿಸುತ್ತದೆ ಎಂಬುದನ್ನು ಗಮನಿಸುತ್ತಾರೆ, ಆಮೇಲಷ್ಟೇ ಒಳಸ್ವರಗಳನ್ನು ಸೇರಿಸುತ್ತಾರೆ.

ಸಿದ್ಧರಾಮ ಜಂಬಲದಿನ್ನಿಯವರಂಥ ಹಿಂದೂಸ್ತಾನಿ ಗಾಯಕರನ್ನು ಕಂಡ ನಮ್ಮ ಸೀಮೆಗೆ ಇದು ಹೊಸ ಮಾತೇನಲ್ಲ. ತಾನ್‌ಗಳನ್ನು (ವೇಗದ ಸ್ವರಮಾಲೆಗಳನ್ನು) ದ್ರುತ ಲಯಕ್ಕೆ ಒಯ್ಯುವ ಮುನ್ನ ನಿಧಾನ ಲಯದಲ್ಲಿ ರಿಯಾಜ್ (ಅಭ್ಯಾಸ) ಮಾಡಿಸುವ ಗುರುಗಳನ್ನು ನಾವು ಗೌರವಿಸುತ್ತೇವೆ. ಪಿಯಾನೊ ಮುಂದೆ ಕುಳಿತ ಮಗುವಿಗೂ ಅಷ್ಟೇ ಕಾಲಾವಕಾಶ ಸಿಗಬೇಕು. ಮೂರೂ ಭಾಗಗಳನ್ನು ಅರೆಬರೆ ಕಲಿಸುವುದಕ್ಕಿಂತ ಒಂದೇ ಭಾಗವನ್ನು ಚೆನ್ನಾಗಿ ಕಲಿಸುವುದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ವಾದ್ಯದ ಪ್ರಶ್ನೆಯೂ ಇದೆ. ಪಿಯಾನೊದ ಪ್ರತಿ ಕೀ ಒಂದು ಸುತ್ತಿಗೆಯನ್ನು ತಂತಿಗೆ ಎಸೆಯುತ್ತದೆ; ಆ ಭಾರದ ಅನುಭವ ಹಗುರ ಕೀಗಳ ಕೀಬೋರ್ಡಿನಲ್ಲಿ ಸಿಗದು. ಭಾರದ ಕೀಗಳುಳ್ಳ ಡಿಜಿಟಲ್ ಪಿಯಾನೊ ಎಲ್ಲ ಕುಟುಂಬಗಳ ಕೈಗೆಟುಕುವುದಿಲ್ಲ. ಆದ್ದರಿಂದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು ನಗರದಲ್ಲಿ ಅಂಥ ಒಂದನ್ನಾದರೂ ಇರಿಸಿ, ಸಂಜೆಯ ಹೊತ್ತು ಮಕ್ಕಳ ಅಭ್ಯಾಸಕ್ಕೆ ಸರದಿಯಂತೆ ಬಿಟ್ಟುಕೊಡಬೇಕೆಂದು ವಿನಂತಿಸುತ್ತೇನೆ.

ಇಂತಿ,
ಪಾಲಕರೊಬ್ಬರು, ಬಳ್ಳಾರಿ