‘ಕ್ರಾಂತಿ’ ಎಂದು ಬರೆಯುವ ಮುನ್ನ

ಸಾಗರ

ಪ್ರೀತಿಯ ತಂಗಿಗೆ,

ನಿನ್ನ ಲೇಖನವನ್ನು ಎರಡು ಸಲ ಓದಿದೆ. 2011ರ ಜನವರಿ 25ರಿಂದ ಹದಿನೆಂಟು ದಿನ ಕೈರೋದ ತಹ್ರೀರ್ ಚೌಕದಲ್ಲಿ ಜನ ಪಟ್ಟು ಸಡಿಲಿಸದೆ ನಿಂತದ್ದನ್ನೂ, ಈಜಿಪ್ಟನ್ನು ಮೂವತ್ತು ವರ್ಷದ ಹತ್ತಿರ ಆಳಿದ್ದ ಹೋಸ್ನಿ ಮುಬಾರಕ್ ಕೊನೆಗೆ ಪಟ್ಟ ಬಿಟ್ಟದ್ದನ್ನೂ ನೀನು ಮನಮುಟ್ಟುವಂತೆ ಬರೆದಿದ್ದೀಯ. ಆದರೆ ಮೊದಲ ಸಾಲಿನಲ್ಲೇ ಅದನ್ನು ‘ಕ್ರಾಂತಿ’ ಎಂದು ಕರೆದುಬಿಟ್ಟಿದ್ದೀಯ. ಮುಬಾರಕ್ ಬಿಟ್ಟ ಅಧಿಕಾರ ಅಂದೇ ಸೇನಾ ಮಂಡಳಿಯ ಕೈಗೆ ಹೋಯಿತು. ಮುಂದೆ ಚುನಾವಣೆಯಲ್ಲಿ ಗೆದ್ದು ಬಂದ ಅಧ್ಯಕ್ಷರನ್ನು 2013ರ ಜುಲೈನಲ್ಲಿ ಅದೇ ಸೇನೆ ಕೆಳಗಿಳಿಸಿತು. ಈ ಭಾಗ ನಿನ್ನ ಬರಹದಲ್ಲಿಲ್ಲ. ಇಲ್ಲದಿರುವುದರಿಂದಲೇ ಆ ಪದ ಅಲ್ಲಿ ಸಲೀಸಾಗಿ ಕೂತಿದೆ.

ಕೈರೋವನ್ನು ಅಳೆಯುವ ಮುನ್ನ ನಮ್ಮ ಪಕ್ಕದ ಕಾಗೋಡನ್ನು ನೋಡು. 1951ರಲ್ಲಿ ಅಲ್ಲಿನ ಗೇಣಿದಾರರು, ಹೆಚ್ಚಿನವರು ದೀವರ ಸಮುದಾಯದವರು, ರಾಜ್ಯವನ್ನೇನೂ ಕೇಳಲಿಲ್ಲ. ಗೇಣಿಯ ಭತ್ತವನ್ನು ಒಡೆಯರ ದೊಡ್ಡ ಕೊಳಗದಿಂದಲ್ಲ, ಸರಿಯಾದ ಕೊಳಗದಿಂದ ಅಳೆಯಿರಿ ಎಂದರು. ಅಷ್ಟಕ್ಕೇ ಒಡೆಯರು ಅವರ ಉಳುಮೆ ತಪ್ಪಿಸಿದರು. ಎಚ್. ಗಣಪತಿಯಪ್ಪನವರು ಕಟ್ಟಿದ್ದ ರೈತರ ಒಗ್ಗಟ್ಟಿಗೆ ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳು ಜೊತೆಯಾದರು. ಜನ ನೇಗಿಲು ಹಿಡಿದು ಗದ್ದೆಗಿಳಿದು ಸೆರೆಮನೆಗೆ ಹೋದರು. ಜೂನ್ ತಿಂಗಳಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ವರ್ಷದ ಮಳೆಗಾಲದಲ್ಲಿ ನಿಂತು ಬರೆಯುವವನಿಗೆ ಕಾಣುತ್ತಿದ್ದದ್ದು ಸೋಲು. 1952ರಲ್ಲಿ ಗೋಪಾಲಗೌಡರು ಶಾಸನಸಭೆ ಪ್ರವೇಶಿಸಿದರೂ, ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದು ಗೇಣಿ ಜಮೀನು ಉಳುವವನ ಹೆಸರಿಗೆ ಬರುವ ದಾರಿ ತೆರೆದದ್ದು 1974ರ ಮಾರ್ಚ್ 1ರಂದು. ನಡುವೆ ಇಪ್ಪತ್ತಮೂರು ವರ್ಷ.

ಅಂಥ ಗೇಣಿದಾರರ ಒಂದು ಮನೆಗೆ ನಾನು ಹಿಂದೊಮ್ಮೆ ಹೋಗಿದ್ದೆ. ಒಕ್ಕಲು ಮುಗಿದ ಕಣದಲ್ಲಿ ಒಡೆಯರ ಮನೆಯ ಆಳು ಅಳೆಯುತ್ತಿದ್ದ, ಮೊದಲ ಕೊಳಗಕ್ಕೆ ಒಂದು ಎನ್ನದೆ ‘ಲಾಭ’ ಎನ್ನುತ್ತಿದ್ದ, ನಮ್ಮ ಮಾವ ಹೆಗಲ ಮೇಲಿನ ಟವೆಲ್ಲನ್ನು ಕಂಕುಳಿಗೆ ಸೇರಿಸಿಕೊಂಡು ನಿಂತಿರುತ್ತಿದ್ದರು ಎಂದು ಆ ಮನೆಯ ಅಜ್ಜಿ ಹೇಳಿದರು. ಗೇಣಿ ಜಮೀನಿನ ಹಕ್ಕು ಕೇಳುವ ಏಳನೇ ನಮೂನೆಯ ಅರ್ಜಿ ಹಾಕಿ, ಭೂನ್ಯಾಯ ಮಂಡಳಿಯ ಆದೇಶ ಕೈಗೆ ಬಂದ ವರ್ಷ ಕಣದಲ್ಲಿ ಅಳೆದವರು ಸ್ವತಃ ಆ ಅಜ್ಜಿ. “ಲಾಭ ಅಂತ ಹೇಳಕ್ಕೆ ಬಾಯೇ ಬರ್ಲಿಲ್ಲ ಕಣಮ್ಮ, ಯಾರೋ ಬೈತಾರೆ ಅನ್ನಿಸ್ತು” ಎಂದರು. ಕ್ರಾಂತಿ ಎಂಬ ಪದವನ್ನು ನಾನು ಯಾವುದಕ್ಕಾದರೂ ಬಳಸುವುದಾದರೆ ಆ ಕಣಕ್ಕೆ ಬಳಸುತ್ತೇನೆ, ಅದೂ ಅಳುಕಿನಿಂದ. ಏಕೆಂದರೆ ಅದೇ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ, ಗೇಣಿಯೂ ಇಲ್ಲದ ಕೂಲಿಯವರಿಗೆ ಏಳನೇ ನಮೂನೆಯಿಂದ ಒಂದು ಗುಂಟೆಯೂ ಸಿಗಲಿಲ್ಲ.

ಮೂಲದಲ್ಲಿ ‘ಕ್ರಾಂತಿ’ ಎಂಬ ಪದಕ್ಕೆ ಹೆಜ್ಜೆಯಿಟ್ಟು ದಾಟುವುದು ಎಂಬ ಅರ್ಥವಿದೆ. ಸಂಕ್ರಾಂತಿಯಲ್ಲಿ ಸೂರ್ಯ ಮಕರ ರಾಶಿಗೆ ದಾಟುತ್ತಾನೆ. ಎಷ್ಟು ಜನ ಸೇರಿದರು ಎಂಬುದನ್ನು ನೀನು ಮೂರು ಕಡೆ ಬರೆದಿದ್ದೀಯ, ಅವರು ಏನನ್ನು ದಾಟಿದರು ಎಂದು ಒಂದು ಕಡೆಯೂ ಕೇಳಿಲ್ಲ. ಜಯಪ್ರಕಾಶ ನಾರಾಯಣರು 1974ರ ಜೂನ್ 5ರಂದು ಪಟ್ನಾದಲ್ಲಿ ‘ಸಂಪೂರ್ಣ ಕ್ರಾಂತಿ’ಗೆ ಕರೆ ಕೊಟ್ಟರು. ತುರ್ತುಪರಿಸ್ಥಿತಿಯ ನಂತರ, 1977ರಲ್ಲಿ, ದೆಹಲಿಯ ಸರ್ಕಾರ ಬಿತ್ತು. ಮರುವರ್ಷದ, ಸಂವಿಧಾನದ ನಲವತ್ತನಾಲ್ಕನೇ ತಿದ್ದುಪಡಿ ‘ಆಂತರಿಕ ಕ್ಷೋಭೆ’ಯ ನೆಪದಲ್ಲಿ ತುರ್ತುಪರಿಸ್ಥಿತಿ ಹೇರುವ ದಾರಿಯನ್ನು ಮುಚ್ಚಿತು. ಇದು ದೊಡ್ಡ ಗಳಿಕೆ, ನಾನು ಅದನ್ನು ಕಡಿಮೆ ಮಾಡಿ ಹೇಳಲಾರೆ. ಆದರೂ ಊರಿನ ಜಾತಿ, ಜಮೀನು, ಮನೆಯೊಳಗಿನ ಯಜಮಾನಿಕೆ ಇದ್ದ ಹಾಗೇ ಇದ್ದವು. ಕರೆಯಲ್ಲಿದ್ದ ‘ಸಂಪೂರ್ಣ’ ಎಂಬ ಮಾತು ಕರೆಯಲ್ಲೇ ಉಳಿಯಿತು.

ಹಾಗಾದರೆ ತಹ್ರೀರ್ ಸಣ್ಣದೇ ಎಂದು ನೀನು ಕೇಳಬಹುದು. ಖಂಡಿತ ಅಲ್ಲ. ಶಿಕಾರಿಪುರದ ಈಸೂರಿನವರು 1942ರಲ್ಲಿ ಹುಡುಗರಿಬ್ಬರನ್ನು ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಎಂದು ನೇಮಿಸಿ ತಮ್ಮದೇ ಸರ್ಕಾರ ಸಾರಿದರು. ಮರುವರ್ಷ ಐವರು ಗಲ್ಲಿಗೇರಿದರು. ಅದನ್ನು ದಂಗೆ ಎಂದರೆ ಆ ಐವರ ಪ್ರಾಣದ ಬೆಲೆ ಕಡಿಮೆಯಾಗುವುದಿಲ್ಲ. ಚಳವಳಿ, ಸತ್ಯಾಗ್ರಹ, ಬಂಡಾಯ, ದಂಗೆ ಎಂದು ನಮ್ಮಲ್ಲಿ ಬೇರೆ ಬೇರೆ ಪದಗಳಿರುವುದು ಬೇರೆ ಬೇರೆ ಸಂಗತಿಗಳಿಗಾಗಿಯೇ. ಎಲ್ಲವನ್ನೂ ಕ್ರಾಂತಿಯೆಂದು ಕರೆದರೆ, ಇನ್ನೂ ಏನು ಬಾಕಿಯಿದೆ ಎಂದು ಕೇಳುವ ಬಾಯಿ ಮುಚ್ಚಿಹೋಗುತ್ತದೆ.

ಲೇಖನದ ಮೊದಲ ಸಾಲನ್ನು ತೆಗೆದು, ಚೌಕ ಖಾಲಿಯಾದ ಮರುದಿನದಿಂದ ಶುರುಮಾಡಿ ನೋಡು. ಸುಗ್ಗಿಯ ಹೊತ್ತಿಗೆ ಸಾಗರಕ್ಕೆ ಬರುವುದಾದರೆ ಮೊದಲೇ ತಿಳಿಸು, ಆ ಮನೆಗೆ ಕರೆದುಕೊಂಡು ಹೋಗುತ್ತೇನೆ. ಅಜ್ಜಿ ಈಗಿಲ್ಲ, ಕೊಳಗ ಅಟ್ಟದ ಮೇಲಿದೆ, ಮಂಡಳಿಯ ಆದೇಶವನ್ನು ಸೊಸೆ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾಳೆ.

ನಿನ್ನ ಅಕ್ಕ