ತಂಗಡಿ ಕಳೆಯಲ್ಲ, ಕೀಳಬೇಡಿ

ಮಾನ್ಯರೇ,

ಡಂಬಳದಿಂದ ಡೋಣಿ ಕಡೆ ಹೋಗುವ ದಾರಿಯ ಬದಿಯಲ್ಲಿದ್ದ ತಂಗಡಿ ಗಿಡಗಳನ್ನು ಕಳೆದ ವಾರ ಜೆಸಿಬಿ ತಂದು ಬುಡಸಮೇತ ಕಿತ್ತುಹಾಕಿದರು. ಮೈತುಂಬಾ ಹೂವಿದ್ದವು. ಯಾಕೆ ಅಂತ ಕೇಳಿದರೆ ‘ಮುಳ್ಳುಕಂಟಿ ತೆಗೆಯುತ್ತಿದ್ದೇವೆ’ ಅಂದರು. ತಂಗಡಿಗೆ ಮುಳ್ಳೇ ಇಲ್ಲ!

ಕೆಲವರು ಇದನ್ನು ಆವರಿಕೆ, ಹೊನ್ನಾವರಿಕೆ ಅನ್ನುತ್ತಾರೆ. ಅವರೆ, ತೊಗರಿಯ ಕುಲದ್ದೇ. ಹುಣಸೆಯಂಥ ಎಲೆ, ಬಂಗಾರದ ಬಣ್ಣದ ಹೂವು, ಚಪ್ಪಟೆ ಕಾಯಿ. ಕಪ್ಪತಗುಡ್ಡದ ಬರಡು ನೆಲದಲ್ಲೂ ಯಾರೂ ನೀರು ಹಾಕದೆ ಬೆಳೆಯುತ್ತದೆ. ಆಡುಗಳೂ ಬಾಯಿ ಹಾಕುವುದು ಕಡಿಮೆ.

ನಮ್ಮ ಮನೆ ನಡೆದದ್ದೇ ಈ ಗಿಡದಿಂದ. ಅಪ್ಪ ಚರ್ಮ ಹದ ಮಾಡುತ್ತಿದ್ದರು. ಸುಣ್ಣದ ನೀರಲ್ಲಿ ನೆನೆಸಿ ಕೂದಲು ತೆಗೆದ ತೊಗಲನ್ನು ಚೀಲದ ಹಾಗೆ ಹೊಲಿದು, ಒಳಗೆ ಜಜ್ಜಿದ ತಂಗಡಿ ತೊಗಟೆ ಮತ್ತು ನೀರು ತುಂಬಿ ತೂಗುಹಾಕುತ್ತಿದ್ದರು. ಕೆಳಗೆ ಬಾನಿ. ಅದರಲ್ಲಿ ತೊಟ್ಟಿಕ್ಕಿದ ರಸವನ್ನು ತಂಬಿಗೆಯಲ್ಲಿ ಮೊಗೆದು ಮತ್ತೆ ಮೇಲೆ ಸುರಿಯುವುದು ನನ್ನ ಕೆಲಸ. ಬೆರಳೆಲ್ಲ ಕಂದು ಬಣ್ಣ, ಶಾಲೆಗೆ ಹೋಗುವಾಗಲೂ ಆ ಬಣ್ಣ ಬಿಡುತ್ತಿರಲಿಲ್ಲ. ಆ ತೊಗಟೆಯ ಒಗರೇ ಚರ್ಮ ಕೊಳೆಯದ ಹಾಗೆ ಕಾಯುವುದು. ಸುತ್ತಲ ರೈತರ ಕೆರ, ಬಾರುಕೋಲು ಎಲ್ಲ ಅದರಿಂದಲೇ ಆಗುತ್ತಿದ್ದವು. ಮುಂದೆ ಕ್ರೋಮ್ ಅನ್ನುವ ರಾಸಾಯನಿಕ ಹಾಕಿ ಹದ ಮಾಡಿದ ಚರ್ಮ ಬಂತು, ಅಪ್ಪನ ಕೆಲಸ ನಿಂತಿತು.

ಅವ್ವ ಇದರ ಕಡ್ಡಿಯಲ್ಲೇ ಹಲ್ಲುಜ್ಜುತ್ತಿದ್ದಳು. ಹಸಿರೆಲೆ ಗೊಬ್ಬರಕ್ಕೂ ಸೊಪ್ಪು ಆಗುತ್ತದೆ. ಈಗಲೂ ಬೆಳಿಗ್ಗೆ ಗಿಡದ ಹತ್ತಿರ ನಿಂತು ನೋಡಿ. ದೊಡ್ಡ ಕರಿ ದುಂಬಿ ಬಂದು ಹೂವನ್ನು ತಬ್ಬಿಕೊಂಡು ಝುಂಯ್ ಅಂತ ಮೈ ನಡುಗಿಸುತ್ತದೆ. ಆಗ ಕೇಸರದ ತುದಿಯ ಸಣ್ಣ ತೂತಿನಿಂದ ಪರಾಗ ಉದುರುತ್ತದೆ.

ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮ ಆಯಿತು, ಸಂತೋಷ. ಆದರೆ ದಾರಿ ಬದಿಯ ಗಿಡಕ್ಕೆ ಯಾರ ಕಾವಲಿದೆ? ಊರೊಳಗಿನ ರಸ್ತೆಯಲ್ಲಿ ಹಳದಿ ಹೂವು ಬೇಕು ಅಂತ ಅಮೆರಿಕದ ಕಡೆಯ ಟೆಕೋಮಾ ನೆಡುತ್ತಾರೆ. ತಂಗಡಿಯನ್ನೇ ನೆಡಬಹುದಲ್ವಾ? ಬೇಸಿಗೆಯಲ್ಲಿ ಟ್ಯಾಂಕರ್ ಖರ್ಚೂ ಉಳಿಯುತ್ತದೆ. ರಸ್ತೆ ಬದಿ ಸ್ವಚ್ಛ ಮಾಡುವವರಿಗೆ ಯಾವುದು ಜಾಲಿ, ಯಾವುದು ತಂಗಡಿ ಅಂತ ಮೊದಲೇ ತೋರಿಸಿಕೊಡಲಿ.

ಕಿತ್ತುಹಾಕಿದ ಗಿಡಗಳಿಂದ ಒಣಗಿದ ಕಾಯಿ ಆರಿಸಿ, ಬಿಡಿಸಿ, ಒಂದು ಡಬ್ಬಿ ಬೀಜ ಇಟ್ಟಿದ್ದೇನೆ. ಅರಣ್ಯ ಇಲಾಖೆಯ ನರ್ಸರಿಯವರು ತಗೊಳ್ಳುವುದಾದರೆ ನಾನೇ ತಂದುಕೊಡುತ್ತೇನೆ.

– ಓದುಗ, ಡಂಬಳ, ಗದಗ ಜಿಲ್ಲೆ